ತಂಗಿಯ ತೂಕ ಕೇಳುವ ಹಕ್ಕು ಯಾರದು?

ಮಾರ್ಚ್ 4

ಪುಟ್ಟಿ,

ಇಲ್ಲಿ ನಿನ್ನ ಭಾವ ಆರೋಗ್ಯ, ಹೊಲಿಗೆ ಮಿಷನ್ನು ಆರೋಗ್ಯ, ಎದುರುಮನೆಯ ನಾಯಿ ಕೂಡ ಆರೋಗ್ಯ. ನಾನೊಬ್ಬಳೇ ಸರಿಯಿಲ್ಲ. ಕಾರಣಗಳನ್ನು ಕೆಳಗೆ ಬರೆದಿದ್ದೇನೆ, ಕೂತುಕೊಂಡು ಓದು.

ನಿನ್ನ ಆಪರೇಷನ್ ಆಗಿ ಇವತ್ತಿಗೆ ಏಳು ವಾರ. ತೂಕ ಇಳಿಯಲಿ ಅಂತ ಹೊಟ್ಟೆಯ ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಉಳಿದದ್ದನ್ನು ಸಣ್ಣ ಚೀಲದ ಹಾಗೆ ಹೊಲಿದಿದ್ದೇವೆ ಅಂತ ಡಾಕ್ಟರು ಹೇಳಿದಾಗ, ಇಪ್ಪತ್ತೆಂಟು ವರ್ಷ ಕತ್ತರಿ ಹಿಡಿದ ಟೈಲರಾಗಿ ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಹೊಲಿಗೆ ಒಂಟಿಯೋ, ಜೋಡಿಯೋ?’ ಅವರು ನಕ್ಕುಬಿಟ್ಟರು. ನಾನು ತಮಾಷೆಗೆ ಕೇಳಿರಲಿಲ್ಲ. ಅಂಗಡಿ ಬಾಗಿಲು ಹಾಕಿ ಹತ್ತು ದಿನ ನಿನ್ನ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಆ ಸ್ಟೂಲು ನನಗೆ ಎಲ್ಲಿ ಸಾಲುತ್ತೆ? ಅರ್ಧ ನಾನು ಗಾಳಿಯ ಮೇಲೇ ಕೂತಿದ್ದೆ. ಹಾಗೇ ಕೂತು ಚಮಚ ಚಮಚವಾಗಿ ತಿಳಿ ಸೂಪು ಕುಡಿಸಿದೆ. ಇದನ್ನೆಲ್ಲ ಎತ್ತಿ ಆಡುತ್ತಿಲ್ಲ. ಸುಮ್ಮನೆ ದಾಖಲೆಗಿರಲಿ ಅಂತ.

ಈಗ ವಿಷಯಕ್ಕೆ ಬರೋಣ. ಮೊನ್ನೆ ಫೋನಿನಲ್ಲಿ ನಿನ್ನ ಭಾವನಿಗೆ ಹೇಳಿದೆಯಂತೆ: ಆಪರೇಷನ್ ಮಾಡಿಸಿಕೊಂಡವರೆಲ್ಲ ಒಬ್ಬ ಜೊತೆಗಾರರನ್ನು ಆರಿಸಿಕೊಳ್ಳಬೇಕು, ಪ್ರತಿ ಭಾನುವಾರ ಅವರ ಹತ್ತಿರ ತೂಕ ಎಷ್ಟು, ಏನು ತಿಂದೆ, ಎಲ್ಲಿ ತಪ್ಪಿದೆ ಅಂತ ಒಪ್ಪಿಸಬೇಕು, ಇದು ಆಸ್ಪತ್ರೆಯ ನಿಯಮ ಅಂತ. ಒಳ್ಳೆ ನಿಯಮವೇ. ನಾನು ಆಗಲೇ ಒಂದು ಹೊಸ ನೋಟುಪುಸ್ತಕ ತಂದು ಗೆರೆ ಎಳೆಯಲು ಕೂತೆ. ಆಗ ನಿನ್ನ ಭಾವ ಹೇಳಿದರು, ‘ನಿನ್ನನ್ನಲ್ಲ ಕಣೇ, ಯಾರೋ ಬೀಗ ರಿಪೇರಿ ಮಾಡೋ ಹೆಂಗಸಂತೆ.’

ಬೀಗ ರಿಪೇರಿ!

ನಾನಿರುವಾಗ! ಬೀದಿಯವರು ನಮ್ಮಿಬ್ಬರನ್ನೂ ದೊಡ್ಡ ದಿಂಬು, ಚಿಕ್ಕ ದಿಂಬು ಅಂತ ಕರೆಯುತ್ತಿದ್ದ ಕಾಲದಲ್ಲಿ ಈ ಬೀಗದಮ್ಮ ಎಲ್ಲಿದ್ದಳಂತೆ? ನಿನ್ನ ತೂಕವನ್ನು ನಾನು ಸೊಂಟದ ಮೇಲೆ ಹೊತ್ತು ತಿರುಗಿದ್ದೇನೆ, ಅವಳು ಹೊತ್ತಿದ್ದಾಳಾ?

ಫೋನಿನಲ್ಲಿ ನಿನಗೆ ಬಾಯಿ ತೆರೆಯಲೂ ಬಿಡೋದಿಲ್ಲ ಅಂತ ದೂರುತ್ತೀಯಲ್ಲ, ಅದಕ್ಕೇ ಕಾಗದ. ನಿನ್ನ ಡ್ಯೂಟಿಯ ನೀಲಿ ಕೋಟನ್ನು ಪಕ್ಕೆಯಲ್ಲಿ ನಾಲ್ಕು ಇಂಚು ಒಳಕ್ಕೆ ಹಿಡಿದು ಬಿಗಿ ಮಾಡಿದ್ದೇನೆ. ಈ ಕಾಗದ ಅದರ ಒಳಜೇಬಿನಲ್ಲಿದೆ. ಉತ್ತರವೂ ಕಾಗದದಲ್ಲೇ ಬರಲಿ.

ಇನ್ನೂ ನಿನ್ನವಳೇ ಆದ
ಅಕ್ಕ

*

ಮಾರ್ಚ್ 19

ಅಕ್ಕಾ,

ಕೋಟು ಸರಿಯಾಗಿದೆ. ಮ್ಯೂಸಿಯಂನಲ್ಲಿ ನಾನು ಕಾಯೋ ಕೋಣೆಯ ಚಿಟ್ಟೆಗಳನ್ನು ನೋಡೋಕೆ ಬಂದವರು ಈಗ ‘ಸ್ವಲ್ಪ ಪಕ್ಕಕ್ಕೆ ನಿಲ್ತೀರಾ, ಕಾಣ್ತಿಲ್ಲ’ ಅನ್ನೋದು ಕಡಿಮೆಯಾಗಿದೆ.

ಅವಳು ಯಾರೋ ಅಲ್ಲ. ಐದು ವರ್ಷದ ಹಿಂದೆ ಇದೇ ಆಪರೇಷನ್ ಮಾಡಿಸಿಕೊಂಡವಳು. ತಿಂಗಳ ಮೊದಲ ಶನಿವಾರ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ನಾವು ಹನ್ನೊಂದು ಜನ ಸೇರ್ತೀವಿ. ಕೈಯಿಲ್ಲದ ಕುರ್ಚಿಗಳು. ನಮ್ಮಂಥವರಿಗೆ ಕುರ್ಚಿಗೆ ಕೈ ಇಲ್ಲದಿರೋದು ಎಷ್ಟು ದೊಡ್ಡ ಮರ್ಯಾದೆ ಅಂತ ನಿನಗೆ ಹೇಳಬೇಕಾಗಿಲ್ಲ. ಮೊದಲ ದಿನ ಎಲ್ಲರೂ ‘ಹೇಗಿದ್ದೀರಿ’ ಅಂದರು. ಅವಳು ಮಾತ್ರ, ‘ಈ ವಾರ ಏನು ಬಚ್ಚಿಟ್ಟೆ?’ ಅಂದಳು. ನಾನು ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ, ಕರವಸ್ತ್ರವನ್ನೂ ಕೊಡಲಿಲ್ಲ. ಅಳೋದು ಮುಗಿಯೋವರೆಗೂ ಕಾದು, ‘ಸರಿ, ಹೇಳು’ ಅಂದಳು.

ನೀನು ಯಾಕಲ್ಲ ಅಂತ ಕೇಳಿದೀಯ. ಉತ್ತರ ಇದೆ. ಬರೆಯೋಕೆ ಕೂತರೆ ಕೈ ಬರೋದಿಲ್ಲ.

ಭಾವನನ್ನು ಕೇಳಿದೆ ಅಂತ ಹೇಳು.

ತಂಗಿ

*

ಏಪ್ರಿಲ್ 8

ಶ್ರೀಮತಿ ಚಿಟ್ಟೆ ಕಾವಲುಗಾರ್ತಿಯವರ ಸನ್ನಿಧಾನಕ್ಕೆ,

ವಿಷಯ: ಭಾನುವಾರದ ತೂಕ ಕೇಳುವ ಹುದ್ದೆಗೆ ಅರ್ಜಿ.

ಮಾನ್ಯರೇ, ಸದರಿ ಹುದ್ದೆಯನ್ನು ಯಾವುದೇ ಪ್ರಕಟಣೆ ಇಲ್ಲದೆ, ಸಂದರ್ಶನ ಇಲ್ಲದೆ, ಹೊರಗಿನವರಿಗೆ ಕೊಟ್ಟಿರುವುದು ತಿಳಿದು ಅರ್ಜಿದಾರಳು ಮೂರು ದಿನ ಸೂಜಿಗೆ ದಾರ ಪೋಣಿಸಲಾರದೆ ಹೋದಳು.

ವಿದ್ಯಾರ್ಹತೆ: ತಮ್ಮ ಕತ್ತು, ತೋಳು, ಎದೆ, ಸೊಂಟ ಸಮಸ್ತವನ್ನೂ ಬಾಯಿಪಾಠ ಬಲ್ಲೆ. ಅನುಭವ: ತಾವು ಹುಟ್ಟಿದಂದಿನಿಂದ ನಲವತ್ತೊಂದು ವರ್ಷ, ರಜೆ ರಹಿತ. ವಿಶೇಷ ಪರಿಣತಿ: ತಾವು ಬಿಸ್ಕತ್ತು ಕದ್ದು ತಿಂದಾಗ ಎಡಗಡೆಯ ಹುಬ್ಬು ಏರುವುದನ್ನು ಮೂವತ್ತು ಅಡಿ ದೂರದಿಂದ ಗುರುತಿಸಬಲ್ಲೆ. ಬೀಗದಮ್ಮನಿಗೆ ಈ ಹುಬ್ಬಿನ ವಿಚಾರ ಗೊತ್ತೇ? ಗೊತ್ತಿರಲಾರದು. ನಾನು ಹೇಳಿಕೊಡುವುದೂ ಇಲ್ಲ.

ನಿನಗೆ ಅಳಬೇಕಾದರೆ ನನ್ನ ಮುಂದೆ ಅಳಬಾರದಾಗಿತ್ತೇ? ನಾನು ಕರವಸ್ತ್ರ ಕೊಡುತ್ತಿದ್ದೆ. ನಾನೇ ಅಂಚು ಹೊಲಿದದ್ದು.

ಉತ್ತರ ನಿರೀಕ್ಷಿಸುತ್ತಿರುವ
ಅರ್ಜಿದಾರಳು (ಸ್ವಂತ ಅಕ್ಕ)

*

ಮೇ 22

ಬೀಗದ ಅಂಗಡಿಯವರಿಗೆ,

ನೀವು ನನ್ನನ್ನು ನೋಡಿಲ್ಲ. ನಾನು ನಿಮ್ಮನ್ನು ದಿನಾ ನೆನೆಯುತ್ತೇನೆ. ನೀವು ತೂಕ ಕೇಳುತ್ತಿರುವ ಚಿಟ್ಟೆ ಕೋಣೆಯವಳ ಅಕ್ಕ ನಾನು.

ನಿಮ್ಮ ಸೇವೆಗೆ ನಾವು ಆಭಾರಿ. ಆದರೆ ಮನೆಯವರು ಅಂತ ಇದ್ದೀವಲ್ಲ. ನನ್ನ ಅರ್ಜಿಗೆ ಅವಳಿಂದ ಆರು ವಾರವಾದರೂ ಉತ್ತರವಿಲ್ಲ. ಆದಕಾರಣ ಪ್ರತಿ ಭಾನುವಾರ ಅವಳು ಹೇಳುವುದರ ಒಂದು ಪ್ರತಿಯನ್ನು ನನಗೆ ಕಳಿಸಿಕೊಟ್ಟರೆ, ನಿಮ್ಮ ಹೊರೆಯೂ ಕಡಿಮೆಯಾದೀತು. ಅವಳ ಮೆಚ್ಚಿನ ತಿಂಡಿಗಳು, ಹಠಗಳು, ಸುಳ್ಳಿನ ವಿಧಗಳು, ಇವನ್ನೆಲ್ಲ ನಾನೂ ಬರೆದು ತಿಳಿಸುವೆ.

ವಿಶ್ವಾಸವಿರಿಸಲು ಯತ್ನಿಸುತ್ತಿರುವ
ಟೈಲರ್ (ಅವಳ ಅಕ್ಕ)

*

ಜೂನ್ 2

ಅಕ್ಕನವರೇ,

ಕಾಗದ ಸಿಕ್ಕಿತು. ಅವಳು ನನಗೆ ಹೇಳಿದ್ದನ್ನು ನಾನು ಇನ್ನೊಬ್ಬರಿಗೆ ಹೇಳೋದಿಲ್ಲ. ನೀವು ಅವಳ ಬಗ್ಗೆ ಬರೆದು ಕಳಿಸಿದರೆ ಓದೋದೂ ಇಲ್ಲ. ನಿಮ್ಮ ಬಗ್ಗೆ ಅವಳು ಹೇಳಿರೋದು ಒಂದೇ: ನಮ್ಮ ಅಕ್ಕನಷ್ಟು ಚೆನ್ನಾಗಿ ಹೊಲಿಯೋರು ಇಲ್ಲ.

ಅದನ್ನು ಹೇಳುವಾಗ ಅವಳ ಮುಖ ಬಾಡಿತ್ತು. ಯಾಕೆ ಅಂತ ನಾನು ಕೇಳಲಿಲ್ಲ.

ಬೀಗದ ಅಂಗಡಿ

*

ಆಗಸ್ಟ್ 27

ಪುಟ್ಟಿ,

ನಿಮ್ಮ ಆಸ್ಪತ್ರೆ ಗುಂಪಿನ ಪಿಕ್‌ನಿಕ್ಕಿನ ಫೋಟೋ ಬಂತು. ನೋಡಿದೆ. ಭೂತಗನ್ನಡಿ ಹಿಡಿದೂ ನೋಡಿದೆ. ನೀನು ಅರ್ಧವಾಗಿದ್ದೀಯ. ಉಳಿದರ್ಧ ಎಲ್ಲಿ ಹೋಯಿತೋ, ನನ್ನ ಕಡೆಗೇ ಬಂದ ಹಾಗಿದೆ.

ಆ ಬಿಳಿಕೂದಲಿನ ಹೆಂಗಸೇ ತಾನೇ ಬೀಗದಮ್ಮ? ನಾನು ಗಟ್ಟಿಮುಟ್ಟಾದ ಹೆಂಗಸನ್ನು ಊಹಿಸಿದ್ದೆ. ಇವಳು ಕೀಲಿಕೈ ಹಾಗೆ ಸಣ್ಣಗಿದ್ದಾಳೆ. ಅವಳ ಕೈ ನಿನ್ನ ಎಡಭುಜದ ಮೇಲಿದೆ. ಆ ಭುಜದ ಹೊಲಿಗೆ ನನ್ನದು. ಇಷ್ಟು ಹೇಳಿ ನಿಲ್ಲಿಸುತ್ತೇನೆ, ಯಾಕೆಂದರೆ ಮುಂದೆ ಬರೆದರೆ ಅದು ಸಭ್ಯವಾಗಿರುವುದಿಲ್ಲ.

ನಿನ್ನೆ ಒಬ್ಬ ಗಿರಾಕಿ ಫೋಟೋ ನೋಡಿ, ‘ಯಾರು, ನಿಮ್ಮ ಮಗಳಾ?’ ಅಂದಳು. ‘ತಂಗಿ’ ಅಂದೆ. ‘ಹೋಲಿಕೆಯೇ ಇಲ್ಲವಲ್ಲ’ ಅಂದಳು. ಅವಳ ಸ್ಕರ್ಟು ಈ ತಿಂಗಳು ಆಗೋದಿಲ್ಲ ಅಂತ ಹೇಳಿ ಕಳಿಸಿದೆ. ನಲವತ್ತು ವರ್ಷ ನಮ್ಮಿಬ್ಬರನ್ನು ನೋಡಿದವರೆಲ್ಲ ಮೊದಲು ಅಂದಿದ್ದೇ ‘ಅಕ್ಕತಂಗಿ ಅಂತ ಕಣ್ಣು ಮುಚ್ಚಿ ಹೇಳಬಹುದು’ ಅಂತ. ಈಗ ಕಣ್ಣು ಬಿಟ್ಟರೂ ಹೇಳಲಾರರು.

ಕೋಟು ಇನ್ನೂ ಮೂರು ಇಂಚು ಹಿಡಿದಿದ್ದೇನೆ. ಇನ್ನು ಹಿಡಿದರೆ ಎರಡು ಜೇಬೂ ಬೆನ್ನಿಗೆ ಹೋಗುತ್ತವೆ.

ಸಂತೋಷವಾಗಿದ್ದೇನೆ ಅಂತ ತಿಳಿ.

ಅಕ್ಕ

*

ನವೆಂಬರ್ 11

ಅಕ್ಕಾ,

ಕೋಟಿನ ಎರಡನೇ ಗುಂಡಿ ಬಿದ್ದುಹೋಗಿದೆ. ಹಾಕಿ ಕಳಿಸು. ಅಷ್ಟೇ. ಸೋಮವಾರದೊಳಗೆ ಬೇಕು.

ಹೆಚ್ಚು ಬರೆಯೋಕೆ ಪುರುಸೊತ್ತಿಲ್ಲ.

ತಂಗಿ

*

ನವೆಂಬರ್ 14

ನನ್ನ ಚಿನ್ನದ ಪುಟ್ಟಿ,

ಗುಂಡಿ ಹಾಕಿದ್ದೇನೆ. ಬೇರೆ ಏನೂ ಮಾಡಿಲ್ಲ, ಗುಂಡಿ ಅಷ್ಟೇ.

ಇವತ್ತು ಯಾಕೋ ಮನಸ್ಸು ಹಗುರವಾಗಿದೆ. ನಿನ್ನ ಭಾವ, ‘ಏನು, ಹಾಡ್ತಾ ಹೊಲೀತಿದೀಯ?’ ಅಂತ ಕೇಳಿದರು. ನಿನಗೂ ಅಷ್ಟೊಂದು ಕಟ್ಟುನಿಟ್ಟು ಬೇಡ ಕಣೇ. ಮನುಷ್ಯರು ಅಂದಮೇಲೆ ಬಾಯಿ ಇರುತ್ತೆ. ಕೋಟಿನ ಜೊತೆ ಒಂದು ಡಬ್ಬಿ ಬೆಣ್ಣೆ ಬಿಸ್ಕತ್ತು ಇಟ್ಟಿದ್ದೇನೆ. ತಿನ್ನಬೇಡ, ವಾಸನೆ ನೋಡು ಸಾಕು. ಬೀಗದಮ್ಮನಿಗೆ ಹೇಳಲೇಬೇಕು ಅಂತೇನಿಲ್ಲ. ಅವಳೇನು ಪೊಲೀಸೇ?

ನಿನ್ನನ್ನು ನಿನ್ನ ಹಾಗೇ ಒಪ್ಪಿದ
ಅಕ್ಕ

*

ಜನವರಿ 17

ಅಕ್ಕಾ,

ಮೊನ್ನೆ ಆಸ್ಪತ್ರೆಯಲ್ಲಿ ವರ್ಷದ ತಪಾಸಣೆ ಇತ್ತು. ಕೋಟು ಬಿಚ್ಚಿ ಕಿಟಕಿ ಪಕ್ಕದ ಮೊಳೆಗೆ ನೇತುಹಾಕಿ ತೂಕದ ಯಂತ್ರದ ಮೇಲೆ ನಿಂತೆ. ಆಗಸ್ಟಿನಿಂದ ಈಚೆಗೆ ಒಂಬತ್ತು ಕಿಲೋ ಏರಿದ್ದೆ. ಏನಪ್ಪಾ ಹೀಗಾಯಿತಲ್ಲ ಅಂತ ತಿರುಗಿ ನೋಡಿದರೆ, ಬೆಳಕಿನಲ್ಲಿ ಕೋಟು ಕಾಣಿಸಿತು. ಎರಡೂ ಪಕ್ಕೆಗೆ ಮೇಲಿಂದ ಕೆಳಗಿನವರೆಗೂ ಬಿಚ್ಚಿದ ಹೊಲಿಗೆಯ ಸೂಜಿ ತೂತುಗಳ ಸಾಲು. ಅದರ ಆಚೆ ಒಂದೊಂದು ಇಂಚು ಗಾಢ ನೀಲಿ ಪಟ್ಟಿ. ಬಟ್ಟೆ ಒಳಗೆ ಮಡಚಿಕೊಂಡು ಇದ್ದದ್ದರಿಂದ ಬಣ್ಣ ಮಾಸದೆ ಉಳಿದದ್ದು.

ನೀನು ಗುಂಡಿ ಅಷ್ಟೇ ಅಂತ ಬರೆದಿದ್ದೆ.

ತಪ್ಪು ನನ್ನದು, ಮೊದಲೇ ಹೇಳಿಬಿಡ್ತೀನಿ. ಬ್ರೆಡ್ಡು ಎರಡು ತುಂಡಿಗೇ ಎದೆಯಲ್ಲಿ ನಿಂತುಬಿಡುತ್ತೆ. ಕರಗಿದ ಐಸ್‌ಕ್ರೀಂ ಮಾತ್ರ ಸರಾಗವಾಗಿ ಇಳಿಯುತ್ತೆ ಅಂತ ಸೆಪ್ಟೆಂಬರಿನಲ್ಲಿ ಕಂಡುಕೊಂಡೆ. ಮ್ಯೂಸಿಯಂ ಕ್ಯಾಂಟೀನಿನಲ್ಲಿ ನಾಲ್ಕು ಗಂಟೆಗೆ ಒಂದು ಕಪ್ಪು. ಆಮೇಲೆ ಎರಡು. ಚಿಟ್ಟೆಗಳ ಬೆನ್ನಿಗೆ ನಿಂತು ಕುಡೀತಿದ್ದೆ. ಗುಂಡಿ ಹಾರಿದಾಗ ಹೆದರಿಕೆಯಾಯಿತು. ಆವತ್ತೇ ಬೀಗದಂಗಡಿಗೆ ಹೋಗಿ ಎಲ್ಲ ಹೇಳಿಬಿಡಬೇಕು ಅಂದುಕೊಂಡೆ. ಅಷ್ಟರಲ್ಲಿ ನಿನ್ನಿಂದ ಕೋಟು ಬಂತು. ಹಾಕಿಕೊಂಡೆ. ಸಡಿಲವಾಗಿತ್ತು! ಅಯ್ಯೋ, ನಾನೇ ಸುಮ್ಮನೆ ಹೆದರಿದೆ, ಗುಂಡಿಯ ದಾರ ಹಳೇದು, ಅಷ್ಟೇ ಅಂದುಕೊಂಡೆ. ಒಂಬತ್ತು ಭಾನುವಾರ ತೂಕದ ಯಂತ್ರ ಕೆಟ್ಟಿದೆ ಅಂತ ಅವಳಿಗೆ ಸುಳ್ಳು ಹೇಳಿದೆ. ‘ಆದರೆ ಕೋಟು ಸಡಿಲ ಇದೆ’ ಅಂದೆ. ಅದು ಸುಳ್ಳಲ್ಲವಲ್ಲ! ಬಿಸ್ಕತ್ತು ಡಬ್ಬಿಯೂ ಖಾಲಿ ಆಯಿತು.

ನೀನು ಯಾಕಲ್ಲ ಅಂತ ಕೇಳಿದ್ದೆ. ಈಗ ಕೈ ಬರ್ತಿದೆ, ಬರೀತೀನಿ.

ಇದು ಮೊದಲ ಸಲ ಅಲ್ಲ. ನಾನು ಕಾಲೇಜಿಗೆ ಸೇರಿದ ವರ್ಷದಿಂದ ಪ್ರತಿ ರಜೆಯಲ್ಲೂ ನೀನು ನನ್ನ ಬಟ್ಟೆಗಳನ್ನು ‘ಇಸ್ತ್ರಿ ಮಾಡ್ತೀನಿ’ ಅಂತ ತಗೊಂಡು ಹೋಗ್ತಿದ್ದೆ. ವಾಪಸ್ಸು ಬಂದಾಗ ಎಲ್ಲ ಸರಿಯಾಗಿ ಆಗ್ತಿತ್ತು. ಇಪ್ಪತ್ತು ವರ್ಷ, ಅಕ್ಕಾ. ಮನೆಯಲ್ಲಿ ತೂಕದ ಯಂತ್ರ ಇರಲಿಲ್ಲ, ನಿನ್ನ ಹೊಲಿಗೆಯೇ ನನಗೆ ಯಂತ್ರ. ನಿನ್ನ ಕೈಯಲ್ಲಿ ನಾನು ಒಂದು ದಿನವೂ ದಪ್ಪ ಆಗಲಿಲ್ಲ. ಆಮೇಲೆ ಒಂದು ದಿನ ಮ್ಯೂಸಿಯಂ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿ ಬಿದ್ದೆ. ಆಸ್ಪತ್ರೆಯಲ್ಲಿ ನೂರಾ ಮೂವತ್ತೆರಡು ಅಂದರು. ನಾನು ‘ಯಂತ್ರ ಸರಿ ಇದೆಯಾ ನೋಡಿ’ ಅಂದೆ. ನರ್ಸು ನಕ್ಕಳು.

ನಿನಗೆ ನನ್ನ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಪ್ರೀತಿ ಇರೋರ ಹತ್ತಿರ ತೂಕ ಹೇಳಬಾರದು ಅಂತ ನನಗೆ ಅನ್ನಿಸಿತ್ತು, ಅಷ್ಟೇ.

ಕೋಟು ಕಳಿಸ್ತಿಲ್ಲ. ಇಲ್ಲೇ ಒಬ್ಬ ಟೈಲರ್ ಹತ್ತಿರ ಕೊಟ್ಟಿದ್ದೀನಿ.

ತಂಗಿ

*

ಜನವರಿ 30

ಪುಟ್ಟಿ,

ಬೇರೆ ಟೈಲರು ಅಂತ ಓದಿದ ಮೇಲೆ ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಸೇರಿತು. ಸುಳ್ಳು ಬರೆಯಬಾರದು ಅಂತ ತೀರ್ಮಾನ ಮಾಡಿದ್ದೇನೆ.

ಗುಂಡಿ ಹೊಲಿಯಲು ಕೋಟು ಮಡಿಲಿಗೆ ಹಾಕಿಕೊಂಡಾಗ, ಅದು ತಾನಾಗಿ ಬಿದ್ದ ಗುಂಡಿಯಲ್ಲ, ಎಳೆತಕ್ಕೆ ಬಟ್ಟೆ ಸಮೇತ ಕಿತ್ತು ಬಂದದ್ದು ಅಂತ ನೋಡಿದ ಕೂಡಲೇ ಗೊತ್ತಾಯಿತು. ಗೊತ್ತಾದಾಗ ನನಗೆ ಆದದ್ದು ದುಃಖ ಅಲ್ಲ. ಇದನ್ನು ಬರೆಯದೆ ಹೋದರೆ ಈ ಕಾಗದಕ್ಕೆ ಅರ್ಥವಿಲ್ಲ. ನನಗೆ ಖುಷಿ ಆಯಿತು. ಬರ್ತಿದ್ದಾಳೆ, ನನ್ನ ಕಡೆಗೆ ವಾಪಸ್ಸು ಬರ್ತಿದ್ದಾಳೆ ಅನ್ನಿಸಿತು. ಬೀಗದಮ್ಮ ಸೋತಳು ಅನ್ನಿಸಿತು. ಆ ಖುಷಿಯಲ್ಲೇ ಹೊಲಿಗೆ ಬಿಚ್ಚಿದೆ, ಆ ಖುಷಿಯಲ್ಲೇ ಬಿಸ್ಕತ್ತು ಕಟ್ಟಿದೆ. ನಿನ್ನ ಫೋಟೋ ನೋಡಿದ ದಿನದಿಂದ ನನಗೆ ಒಂದೇ ಭಯ: ಇಬ್ಬರಿದ್ದಾಗ ನಾವು ‘ಅಕ್ಕತಂಗಿ’. ಒಬ್ಬಳೇ ಉಳಿದರೆ ನಾನು ಬರೀ ‘ಆ ದಪ್ಪಗಿರೋ ಟೈಲರ್’.

ಇಪ್ಪತ್ತು ವರ್ಷದ ಮಾತು ಬೇರೆ ಅಂತ ವಾದ ಮಾಡಲು ಕೂತೆ. ಆಗ ಖುಷಿ ಇರಲಿಲ್ಲ, ಕರುಣೆ ಇತ್ತು ಅಂತ ಬರೆದೆ. ಹೊಡೆದು ಹಾಕಿದೆ. ಯಾವುದಿತ್ತೋ ನನಗೇ ಗೊತ್ತಿಲ್ಲ. ಕನ್ನಡಿ ಮುಂದೆ ನೀನು ‘ನೋಡು, ಹೋದ ವರ್ಷದ್ದೇ ಈಗಲೂ ಆಗುತ್ತೆ’ ಅಂತ ಗಿರಗಿರ ತಿರುಗುತ್ತಿದ್ದೆ. ಅದನ್ನು ನೋಡೋಕೆ ನಾನು ಇನ್ನೂ ನೂರು ಹೊಲಿಗೆ ಬಿಚ್ಚುತ್ತಿದ್ದೆ.

ನಿನ್ನ ಹೊಸ ಟೈಲರಿಗೆ ಹೇಳು, ಎಡಭುಜ ಬಲಕ್ಕಿಂತ ಕಾಲಿಂಚು ತಗ್ಗು. ಅದನ್ನು ಅವನು ನೋಡಿರಲಾರ.

ಅಕ್ಕ

*

ಫೆಬ್ರವರಿ 9

ಬೀಗದ ಅಂಗಡಿಯವರೇ,

ಹಿಂದೆ ಒಂದು ಗರ್ವದ ಕಾಗದ ಬರೆದಿದ್ದೆ. ದಯವಿಟ್ಟು ಅದನ್ನು ಹರಿದು ಹಾಕಿ. ಇದು ಬೇರೆ.

ತಂಗಿಯಿಂದ ಉತ್ತರವಿಲ್ಲ. ಕೇಳುವ ಮುಖವೂ ನನಗಿಲ್ಲ. ಇಡೀ ಬೀದಿಯ ಅಳತೆ ತೆಗೆದವಳು ನಾನು, ನನ್ನದನ್ನು ಒಂದು ಸಲವೂ ತೆಗೆದಿರಲಿಲ್ಲ. ನನ್ನ ಬಟ್ಟೆಗಳನ್ನು ಅಂದಾಜಿನಲ್ಲಿ ಹೊಲಿದುಕೊಳ್ಳುತ್ತೇನೆ, ಅಂದಾಜು ಯಾವಾಗಲೂ ಉದಾರ. ಮೊನ್ನೆ ಟೇಪು ಸುತ್ತಿದೆ. ಸೊಂಟ ಐವತ್ತೊಂದು ಇಂಚು. ಔಷಧಿ ಅಂಗಡಿಯ ಯಂತ್ರದಲ್ಲಿ ನೂರಾ ಹದಿನೆಂಟು ಕಿಲೋ. ಡಾಕ್ಟರು ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದೀರಿ ಅಂದರು. ಅಂಚು ಮಡಚಿ ಹೊಲಿಯುವುದೇ ನನ್ನ ಕೆಲಸ, ಇದು ಮಾತ್ರ ಮಡಚಲು ಬರುತ್ತಿಲ್ಲ.

ಇದನ್ನು ಪ್ರತಿ ವಾರ ಯಾರಿಗಾದರೂ ಹೇಳಬೇಕು. ಗಂಡನಿಗೆ ಹೇಳಿದೆ. ‘ನೀನು ಹೀಗೇ ಚೆನ್ನ ಕಣೇ’ ಅಂದರು. ನಾನು ತಂಗಿಗೆ ಮಾಡಿದ್ದೂ ಅದನ್ನೇ ಅಲ್ಲವೇ ಅನ್ನಿಸಿ, ಅವರ ಮೇಲೆ ಸಿಟ್ಟು ಬಂತು. ಪಾಪ, ಅವರಿಗೆ ಯಾಕೆ ಅಂತ ತಿಳಿಯಲಿಲ್ಲ.

ನಿಮಗೆ ಬರೆಯಬಹುದೇ?

ಟೈಲರ್

*

ಫೆಬ್ರವರಿ 15

ಬರೆಯಿರಿ. ಸಮಾಧಾನ ಹೇಳೋದಿಲ್ಲ, ಈಗಲೇ ತಿಳಿದಿರಲಿ. ಈ ವಾರ ಏನು ಬಚ್ಚಿಟ್ಟಿರಿ?

ಬೀಗದ ಅಂಗಡಿ

*

ಮಾರ್ಚ್ 23

ಅಕ್ಕಾ,

ನಿನ್ನೆ ಬೀಗದಂಗಡಿಗೆ ಹೋಗಿದ್ದೆ. ಕೌಂಟರಿನ ಮೇಲೆ ಐದು ಲಕೋಟೆ ಬಿದ್ದಿತ್ತು. ಐದರ ಮೇಲೂ ನಿನ್ನ ಕೈಬರಹ. ‘ಬೀ’ ಅಕ್ಷರಕ್ಕೆ ಆ ಬಾಲ ಲೋಕದಲ್ಲಿ ನೀನೊಬ್ಬಳೇ ಎಳೆಯೋದು. ‘ಇದೇನು?’ ಅಂದೆ. ಅವಳು ಐದನ್ನೂ ಡ್ರಾಯರಿಗೆ ಹಾಕಿ ಬೀಗ ಹಾಕಿದಳು. ಅವಳು ಹಾಕಿದ ಬೀಗ, ನಾನೆಲ್ಲಿ ತೆಗೆಯಲಿ!

‘ನಮ್ಮಕ್ಕ ನಿನಗೆ ಯಾಕೆ ಬರೀತಾಳೆ?’

‘ನೀನು ಇಲ್ಲಿಗೆ ಬರೋ ಕಾರಣಕ್ಕೇ.’

‘ತೂಕಾನಾ? ಅಕ್ಕ? ತೂಕ ಹೇಳ್ತಾಳಾ? ನಿನಗಾ?’

ಅವಳು ಕೀಲಿಕೈ ಉಜ್ಜುತ್ತಾ ಕೂತಳು. ‘ಪ್ರತಿ ವಾರ ಬರೀತಾಳಾ’ ಅಂದೆ. ‘ನಿನಗಿಂತ ಸರಿಯಾಗಿ’ ಅಂದಳು.

ಡಾಕ್ಟರು ನನ್ನ ಹೊಟ್ಟೆಯ ಮುಕ್ಕಾಲು ಪಾಲು ತೆಗೆದಿದ್ದಾರೆ. ಉಳಿದ ಕಾಲು ಪಾಲೇ ಇಷ್ಟು ಉರಿಯುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಮನೆಗೆ ನಡೆದುಕೊಂಡೇ ಬಂದೆ, ಎರಡು ಸ್ಟಾಪು ದಾಟಿ ಹೋದದ್ದೂ ತಿಳಿಯಲಿಲ್ಲ. ನೀನು ಇಷ್ಟು ವರ್ಷ ನಿನ್ನ ಅಳತೆ ನನಗೆ ಹೇಳಿದೀಯಾ? ಒಂದು ಸಲ ಟೇಪು ಹಿಡಿಯೋಕೆ ಬಂದರೆ, ‘ಹೋಗೇ, ನನಗೆ ಕಚಗುಳಿ’ ಅಂತ ಓಡಿಸಿದ್ದೆ. ಈಗ ಮುಖ ನೋಡದ ಹೆಂಗಸಿಗೆ ವಾರವಾರ ಕಾಗದ! ಮುಖವಾದರೂ ಫೋಟೋದಲ್ಲಿ ನೋಡಿದ್ದೀಯ, ಸರಿ. ಆದರೂ!

ಜನವರಿಯ ನಿನ್ನ ಕಾಗದವನ್ನು ಏಳು ವಾರ ಚೀಲದಲ್ಲೇ ಇಟ್ಟುಕೊಂಡು ತಿರುಗಿದೆ. ಗುಂಡಿ ನೋಡಿ ಖುಷಿ ಆಯಿತು ಅಂತ ಬರೆದಿದ್ದೀಯಲ್ಲ, ಆ ಸಾಲು ಓದಿ ಮೊದಲು ಹರಿದು ಹಾಕಬೇಕು ಅನ್ನಿಸಿತು. ಆಮೇಲೆ, ನಲವತ್ತೆರಡು ವರ್ಷದಲ್ಲಿ ಇವಳು ತನ್ನನ್ನು ಚೆನ್ನಾಗಿ ತೋರಿಸದಂಥ ಮಾತು ನನಗೆ ಬರೆದದ್ದು ಇದೇ ಮೊದಲು ಅನ್ನಿಸಿ ಇಟ್ಟುಕೊಂಡೆ. ಸಿಟ್ಟು ಹೋಗಿಲ್ಲ. ಹೋದಾಗ ತಿಳಿಸ್ತೀನಿ.

ಏರಿದ್ದ ಒಂಬತ್ತು ಕಿಲೋದಲ್ಲಿ ನಾಲ್ಕು ಇಳಿದಿದೆ. ಇದನ್ನು ಕೈ ತಪ್ಪಿ ಬರೆದೆ ಅಂದುಕೋ. ಇನ್ನು ಮುಂದೆ ನನ್ನ ತೂಕ ನಿನಗೆ ಹೇಳೋದಿಲ್ಲ, ಅದು ಅವಳಿಗೇ. ನೀನು ಎಷ್ಟು ಬೇಕಾದರೂ ಗೊಣಗು.

ಆದರೆ ನಿನ್ನದು ನನಗೆ ಬರಬೇಕು. ಅವಳಿಗೆ ಬರೆಯೋದನ್ನು ಇವತ್ತಿಗೆ ನಿಲ್ಲಿಸು. ನಿನಗೆ ತಂಗಿ ಇದ್ದಾಳೆ. ಐಸ್‌ಕ್ರೀಮಿನ ಎಲ್ಲ ಕಳ್ಳದಾರಿಗಳೂ ಗೊತ್ತಿರೋ ತಂಗಿ. ಸಮಾಧಾನ ಮಾಡೋದು ನನಗೂ ಬರೋದಿಲ್ಲ, ಭಾವ ‘ನೀನು ಹೀಗೇ ಚೆನ್ನ’ ಅಂತ ಅಂದೇ ಅಂದಿರ್ತಾರೆ, ಇನ್ನೊಂದು ಸಲ ಅಂದರೆ ಅವರಿಗೂ ನನ್ನಿಂದ ಕಾಗದ ಬರುತ್ತೆ ಅಂತ ಹೇಳು. ಕಿಲೋ ಬರೆಯುವಾಗ ಗ್ರಾಮೂ ಬರಿ. ಇಂಚು ಬರೆಯುವಾಗ ಅಂದಾಜು ಬೇಡ. ಬುಧವಾರದೊಳಗೆ ಕಾಗದ ಬರಲಿಲ್ಲ ಅಂದರೆ ಗುರುವಾರ ರಜೆ ಹಾಕಿ, ಬೆಳಗಿನ ಬಸ್ಸಿಗೆ ಹತ್ತಿ, ನಾನೇ ಟೇಪು ಹಿಡಿದುಕೊಂಡು ಬರ್ತೀನಿ. ಕಚಗುಳಿ ಅಂದರೆ ಕೇಳೋಳಲ್ಲ.

ತಂಗಿ